ಶುಭ್ರವಾಗಿ ಕಾಣುವ ಕೈ ಶುದ್ಧವೇ?

1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನ್ನು ಸೂಲಗಿತ್ತಿಯರು, ಇನ್ನೊಂದನ್ನು ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದರು. ಬಾಣಂತಿ ಜ್ವರದಿಂದ ಹೆಚ್ಚು ತಾಯಂದಿರು ಸಾಯುತ್ತಿದ್ದುದು ವೈದ್ಯರ ವಿಭಾಗದಲ್ಲೇ!

ಶವಪರೀಕ್ಷೆಯ ವೇಳೆ ಚೂರಿ ತಗುಲಿದ ಸ್ನೇಹಿತ ವೈದ್ಯನೊಬ್ಬ ಅಂಥದೇ ಲಕ್ಷಣಗಳಿಂದ ತೀರಿಕೊಂಡಾಗ ಡಾ. ಇಗ್ನಾಜ್ ಸೆಮ್ಮೆಲ್‌ವೈಸ್ ಅವರಿಗೆ ಕಾರಣ ಹೊಳೆಯಿತು. ಶವ ಮುಟ್ಟಿದ ಕೈಗಳೇ ಹೆರಿಗೆ ಮಾಡಿಸುತ್ತಿದ್ದವು. ಸಾಬೂನಿನಿಂದ ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಮೇ ತಿಂಗಳಲ್ಲಿ ಅವರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದರು. ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಮರಣ ಜೂನ್‌ನಲ್ಲಿ ಸುಮಾರು ಶೇ. 2ಕ್ಕೆ ಇಳಿಯಿತು. ಆದರೂ ತಮ್ಮ ಕೈಯಿಂದಲೇ ರೋಗ ಹರಡಿತೆಂದು ಒಪ್ಪಲು ಅನೇಕ ವೈದ್ಯರು ಸಿದ್ಧರಿರಲಿಲ್ಲ.

ಇಂದು ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆ ಸಿಬ್ಬಂದಿಗೆ ಐದು ಸಂದರ್ಭಗಳನ್ನು ತಿಳಿಸಿದೆ: ರೋಗಿಯನ್ನು ಮುಟ್ಟುವ ಮೊದಲು, ಇಂಜೆಕ್ಷನ್ ಅಥವಾ ಗಾಯದ ಡ್ರೆಸ್ಸಿಂಗ್‌ನಂತಹ ಕೆಲಸಕ್ಕೆ ಮೊದಲು, ರಕ್ತ ಮುಂತಾದ ದ್ರವಗಳು ತಗುಲಿರಬಹುದಾದಾಗ, ರೋಗಿಯನ್ನು ಮುಟ್ಟಿದ ನಂತರ, ಅವರ ಮಂಚ, ಹಾಸಿಗೆ ಮುಟ್ಟಿದ ನಂತರ. ಸ್ಯಾನಿಟೈಸರ್ ಆದರೆ 20-30 ಸೆಕೆಂಡು ಉಜ್ಜಬೇಕು. ಸಾಬೂನು, ನೀರಾದರೆ 40-60 ಸೆಕೆಂಡು ಬೇಕು. ಕೈಗವಸು ಹಾಕಿದರೂ ಇದು ತಪ್ಪದು. ಒಂದೇ ಕೈಗವಸಿನಲ್ಲಿ ಇಬ್ಬರು ರೋಗಿಗಳನ್ನು ಮುಟ್ಟಿದರೆ ಒಬ್ಬರ ರೋಗಾಣು ಇನ್ನೊಬ್ಬರಿಗೆ ತಲುಪುತ್ತದೆ.

ಪ್ರಿಯ ಓದುಗರೇ, ದಿನವೂ ವುಝೂ ಮಾಡುವ ನಮಗೆ ಕೈ ತೊಳೆಯುವುದು ಹೊಸತಲ್ಲ. ಆದರೆ ರೋಗಿಯನ್ನು ನೋಡಲು ಹೋದಾಗ ಬರೀ ನೀರು ಸಾಲದು, ಸಾಬೂನು ಬಳಸಿ. ಸಿಬ್ಬಂದಿ ಮರೆತರೆ "ಕೈ ತೊಳೆದಿರಾ?" ಎಂದು ವಿನಯದಿಂದ ಕೇಳಿ. ಕೇಳುವುದು ಅಗೌರವವಲ್ಲ, ಅದು ರೋಗಿಯ ಹಕ್ಕು.