ಡಿಕ್ಕಿಯ ಲೀಟರು, ಟ್ಯಾಂಕಿನ ಲೀಟರು

2022ರಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಮಾರುತಿ ಗ್ರ್ಯಾಂಡ್ ವಿಟಾರಾ ಎರಡು ರೂಪದಲ್ಲಿ ಹೊರಬಂತು. ಮೋಟಾರು ಎಂಜಿನ್ನಿಗೆ ನೆರವಷ್ಟೇ ಕೊಡುವ, ಕೈಗೇರಿನ ಮೈಲ್ಡ್ ಹೈಬ್ರಿಡ್‌ಗೆ ಪ್ರಮಾಣಿತ ಮೈಲೇಜ್ ಲೀಟರಿಗೆ 21.11 ಕಿ.ಮೀ., ಡಿಕ್ಕಿ 373 ಲೀಟರ್. ಮೋಟಾರಿನಿಂದಲೇ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್‌ಗೆ ಮೈಲೇಜ್ 27.97, ಡಿಕ್ಕಿ 265. ಹೊರಮೈ ಒಂದೇ, ಒಳಗೆ 108 ಲೀಟರ್ ಕಡಿಮೆ. 25 ಕೆ.ಜಿ.ಯ ಮೂರು ಅಕ್ಕಿಮೂಟೆ ಹಿಡಿಯುವಷ್ಟು ಜಾಗ ಅದು.

ಅಲ್ಲಿ ಬ್ಯಾಟರಿ ಕೂತಿದೆ. ಅದರ ಸಾಮರ್ಥ್ಯ ಸುಮಾರು 0.76 ಕಿಲೋವ್ಯಾಟ್ ಗಂಟೆ. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಒಂದು ಯೂನಿಟ್ಟೂ ಇಲ್ಲ. ಆದರೆ ಈ ಪುಟ್ಟ ಉಗ್ರಾಣ ದಿನವಿಡೀ ತುಂಬಿ ಖಾಲಿಯಾಗುತ್ತಲೇ ಇರುತ್ತದೆ. ಸಾಮಾನ್ಯ ಕಾರು ಬ್ರೇಕ್ ಹಾಕಿದಾಗಲೆಲ್ಲ ತನ್ನ ಓಟದ ಶಕ್ತಿಯನ್ನು ಬಿಸಿಯಾಗಿಸಿ ಗಾಳಿಗೆ ಬಿಡುತ್ತದೆ. ಹೈಬ್ರಿಡ್‌ನಲ್ಲಿ ಚಕ್ರವೇ ಮೋಟಾರನ್ನು ತಿರುಗಿಸಿ ಅದರಲ್ಲಿ ಒಂದು ಪಾಲನ್ನು ವಿದ್ಯುತ್ತಾಗಿಸುತ್ತದೆ. ಸಿಗ್ನಲ್ ಹಸಿರಾದಾಗ ಕಾರು ಅದೇ ವಿದ್ಯುತ್ತಿನಲ್ಲಿ ಸದ್ದಿಲ್ಲದೆ ಹೊರಡುತ್ತದೆ. ಮೋಟಾರಿನ ಆಸರೆ ಇರುವುದರಿಂದಲೇ ಅಟ್ಕಿನ್ಸನ್ ಆವರ್ತದ ಎಂಜಿನ್ ಬಳಸಲು ಸಾಧ್ಯ. ಅದಕ್ಕೆ ಕಡಿಮೆ ವೇಗದಲ್ಲಿ ಕಸುವು ಸಾಲದು, ಆದರೆ ಹೀರಿದ ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯುತ್ತದೆ.

ವರ್ಷಕ್ಕೆ 15,000 ಕಿ.ಮೀ. ಓಡಿಸುವ ಮನೆಗೆ, ಪ್ರಮಾಣಿತ ಅಂಕಿಗಳ ಪ್ರಕಾರ ಉಳಿಯುವುದು ಸುಮಾರು 174 ಲೀಟರ್ ಪೆಟ್ರೋಲ್. ದೊಡ್ಡ ಉಳಿತಾಯವೇ. ಆದರೆ ಅದರ ಹೆಚ್ಚು ಭಾಗ ಹುಟ್ಟುವುದು ನಿಂತು ನಿಂತು ಸಾಗುವ ನಗರದ ರಸ್ತೆಯಲ್ಲಿ. ಒಂದೇ ವೇಗದ ಹೆದ್ದಾರಿಯಲ್ಲಿ ಬ್ರೇಕೇ ಹಾಕದಿದ್ದರೆ ಮರಳಿ ಪಡೆಯುವುದಾದರೂ ಏನನ್ನು? ಡಿಕ್ಕಿ ತುಂಬುವುದೋ, ಊರಿಗೆ ಹೊರಟ ದಿನ, ಅದೇ ಹೆದ್ದಾರಿಯಲ್ಲಿ. ಮೈಲೇಜಿನ ಲಾಭ ಕಡಿಮೆಯಾಗುವ ಹೊತ್ತಿಗೇ ಜಾಗದ ಕೊರತೆ ಕಾಡುತ್ತದೆ. ಇದನ್ನು ಜಾಹೀರಾತು ಹೇಳುವುದಿಲ್ಲ.

ಹಾಗಂತ ಡಿಕ್ಕಿ ಕುಗ್ಗುವುದು ಹೈಬ್ರಿಡ್ ತಂತ್ರದ ಹಣೆಬರಹವಲ್ಲ. 2022ರ ಹೋಂಡಾ ಸಿಟಿ ಹೈಬ್ರಿಡ್‌ನಲ್ಲಿ 506 ಲೀಟರಿನ ಡಿಕ್ಕಿ 306ಕ್ಕೆ ಇಳಿಯಿತು, ನಿಜ. ಆದರೆ ಅಮೆರಿಕದಲ್ಲಿ 2019ರ ಟೊಯೊಟಾ ರಾವ್4 ಹೈಬ್ರಿಡ್ ಬ್ಯಾಟರಿಯನ್ನು ಹಿಂದಿನ ಸೀಟಿನ ಕೆಳಗೆ ಇಟ್ಟುಕೊಂಡು, ಪೆಟ್ರೋಲ್ ರಾವ್4ನಷ್ಟೇ ಡಿಕ್ಕಿ ಉಳಿಸಿಕೊಂಡಿತು. ಮೈಲೇಜ್ ಮಾತ್ರ ಗ್ಯಾಲನ್ನಿಗೆ 30 ಮೈಲಿಯಿಂದ 40ಕ್ಕೆ ಏರಿತು. ಮೊದಲಿನಿಂದಲೇ ಬ್ಯಾಟರಿಗೆ ಜಾಗ ಬಿಟ್ಟು ಚಾಸಿ ರೂಪಿಸಿದರೆ ಡಿಕ್ಕಿ ಉಳಿಯುತ್ತದೆ. ಮೊದಲೇ ಇದ್ದ ಚಾಸಿಗೆ ಬ್ಯಾಟರಿ ತೂರಿಸಿದರೆ ಸಾಮಾನ್ಯವಾಗಿ ಕುಗ್ಗುವುದು ಡಿಕ್ಕಿಯೇ.

ಏಳು–ಎಂಟು ಮಂದಿಯ ಟೊಯೊಟಾ ಇನ್ನೋವಾ ಹೈಕ್ರಾಸ್‌ನ ಕತೆ ಬೇರೆ. ಮೈಲೇಜ್ ಹೈಬ್ರಿಡ್‌ಗೆ ಲೀಟರಿಗೆ 23.24 ಕಿ.ಮೀ., ಬರೀ ಪೆಟ್ರೋಲ್‌ಗೆ 16.13. ಆದರೆ ಇಲ್ಲಿ ಜಾಗ ನುಂಗುವುದು ಬ್ಯಾಟರಿಗಿಂತ ಮೂರನೇ ಸಾಲಿನ ಸೀಟು. ಅದನ್ನು ಎತ್ತಿ ನಿಲ್ಲಿಸಿದರೆ ಹಿಂದೆ ಉಳಿಯುವುದು 300 ಲೀಟರ್.

ದಿನವೂ ಟ್ರಾಫಿಕ್ಕಿನಲ್ಲಿ ತೆವಳುವವರಿಗೆ ಸ್ಟ್ರಾಂಗ್ ಹೈಬ್ರಿಡ್ ಒಳ್ಳೆಯ ಆಯ್ಕೆ ಎಂದೇ ನನ್ನ ತೀರ್ಮಾನ. ಆದರೆ ಮುಂಗಡ ಕೊಡುವ ಮುನ್ನ ಮನೆಯ ದೊಡ್ಡ ಸೂಟ್‌ಕೇಸುಗಳನ್ನು ಶೋರೂಮಿಗೆ ಒಯ್ದು, ಡಿಕ್ಕಿಯಲ್ಲಿಟ್ಟು, ಬಾಗಿಲು ಮುಚ್ಚಿ ನೋಡಿ.