ರೋಣ ಸೀಮೆಯಲ್ಲಿ ಮಿಷನ್ ಅನುವಾದಗಳು: ಓದು ಮತ್ತು ಆಲಿಕೆಯ ನೆಲೆಗಳು

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಬಾಸೆಲ್ ಮಿಷನ್ನಿಗೆ ದೊರೆತಿರುವ ಸ್ಥಾನ ನಿಘಂಟು, ವ್ಯಾಕರಣ, ಪತ್ರಿಕೆ ಮತ್ತು ಪ್ರಾಚೀನ ಕಾವ್ಯಗಳ ಮುದ್ರಣಕ್ಕೆ ಸೀಮಿತವಾದದ್ದು. 1843ರ ‘ಮಂಗಳೂರು ಸಮಾಚಾರ’, 1848ರಲ್ಲಿ ಆರಂಭವಾದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆ, 1894ರ ಕಿಟೆಲ್ ನಿಘಂಟು ಇವುಗಳನ್ನು ಹೇಳಿ ಚರಿತ್ರೆಕಾರರು ಮುಂದೆ ಸಾಗುತ್ತಾರೆ. ಈ ಲೇಖಕನು ಎಂ.ಎ. ಓದುವಾಗ ಕೇಳಿದ ಉಪನ್ಯಾಸಗಳಲ್ಲಿಯೂ ವಿಷಯ ಅಲ್ಲಿಗೇ ಮುಗಿದಿತ್ತು. ಆದರೆ ಮಿಷನ್ನಿನವರು ಯಾವ ಉದ್ದೇಶಕ್ಕಾಗಿ ಅಚ್ಚುಕೂಟವನ್ನು ಸ್ಥಾಪಿಸಿದರೋ ಆ ಉದ್ದೇಶದ ಪುಸ್ತಕಗಳು, ಎಂದರೆ ಜರ್ಮನ್ ಹಾಗೂ ಇಂಗ್ಲಿಷಿನಿಂದ ಅನುವಾದಗೊಂಡ ಧಾರ್ಮಿಕ ಕೃತಿಗಳು, ‘ಪ್ರಚಾರ ಸಾಹಿತ್ಯ’ವೆಂಬ ಒಂದೇ ಮಾತಿನಲ್ಲಿ ಬದಿಗೆ ಸರಿದಿವೆ. ಅವು ಪ್ರಚಾರ ಸಾಹಿತ್ಯವೇ ಹೌದು. ಹಾಗೆಂದು ಅವುಗಳನ್ನು ಯಾರು ಓದಿದರು, ಹೇಗೆ ಕೇಳಿದರು ಎಂಬ ಪ್ರಶ್ನೆ ಅನಗತ್ಯವಾಗುವುದಿಲ್ಲ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ರೋಣ ಸೀಮೆಯ ಹಿನ್ನೆಲೆಯಲ್ಲಿ ಪರಿಶೀಲಿಸಲಾಗಿದೆ.

ರೋಣವನ್ನು ಆಯ್ದುಕೊಂಡದ್ದಕ್ಕೆ ಕಾರಣವಿದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡಗಳಲ್ಲಿ ನೆಲೆಯೂರಿತು. ಬೆಟಗೇರಿ ಮತ್ತು ಗುಳೇದಗುಡ್ಡಗಳೆರಡೂ ನೇಕಾರರ ಊರುಗಳು. ರೋಣ, ಸೂಡಿ, ಗಜೇಂದ್ರಗಡ, ಹೊಳೆಆಲೂರುಗಳ ಎರೆಭೂಮಿ ಈ ಎರಡು ಕೇಂದ್ರಗಳ ನಡುವೆ ಬರುತ್ತದೆ. ಮಿಷನ್ನಿನ ಪ್ರಧಾನ ಕೇಂದ್ರವಿಲ್ಲದ, ಆದರೆ ಅದರ ಸಂಚಾರದ ದಾರಿಯಲ್ಲಿದ್ದ ಪ್ರದೇಶವಿದು. ಕೇಂದ್ರವಿದ್ದ ಊರಿನಲ್ಲಿ ಪುಸ್ತಕದ ಜೊತೆಗೆ ಶಾಲೆ, ಸಭೆ, ಸಭಾಪಾಲಕ ಎಲ್ಲವೂ ಇರುತ್ತವೆ. ಅರ್ಥವನ್ನು ತಿದ್ದುವವರು ಹತ್ತಿರದಲ್ಲಿಯೇ ಇರುತ್ತಾರೆ. ದಾರಿಯ ಮೇಲಿನ ಊರಿನಲ್ಲಿ ಬೋಧಕನು ಸಂತೆಯಲ್ಲೋ ಜಾತ್ರೆಯಲ್ಲೋ ಮಾತನಾಡಿ, ಪುಸ್ತಕ ಕೊಟ್ಟು ಮುಂದಿನ ಊರಿಗೆ ಹೋಗುತ್ತಾನೆ. ಉಳಿಯುವುದು ಪುಸ್ತಕ ಮಾತ್ರ. ಅದರ ಅರ್ಥವನ್ನು ಕಟ್ಟಿಕೊಳ್ಳುವ ಕೆಲಸ ಊರಿನವರದು.

ಆ ಕಾಲದ ಓದಿನ ಪರಿಸರವನ್ನೂ ನೆನೆಯಬೇಕು. ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕಚೇರಿ ಮತ್ತು ಅಕ್ಷರಗಳ ಮೇಲೆ ಮರಾಠಿಯ ಪ್ರಾಬಲ್ಯವಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರ ಶ್ರಮದಿಂದ ಕನ್ನಡ ಶಾಲೆಗಳೂ ಪಠ್ಯಪುಸ್ತಕಗಳೂ ಬಲಗೊಂಡದ್ದು ಶತಮಾನದ ಉತ್ತರಾರ್ಧದಲ್ಲಿ. ಆದ್ದರಿಂದ ಈ ಭಾಗದ ಎಷ್ಟೋ ಹಳ್ಳಿಗಳಲ್ಲಿ ಜನ ಮೊದಲು ಕಂಡ ಅಚ್ಚಿನ ಕನ್ನಡ ಪುಸ್ತಕ ಮಿಷನ್ನಿನ ಕಿರುಹೊತ್ತಗೆಯೇ ಆಗಿದ್ದಿರಬೇಕೆಂದು ಊಹಿಸಲು ಅವಕಾಶವಿದೆ. ಪುಸ್ತಕ ಹೊಸದಾದರೂ ಓದುವ ಕ್ರಮ ಹೊಸದಲ್ಲ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದಾಗ ಒಬ್ಬರು ಓದುವುದು, ಒಬ್ಬರು ಅರ್ಥ ಹೇಳುವುದು, ಊರು ಕುಳಿತು ಕೇಳುವುದು ಇಲ್ಲಿನ ರೂಢಿ. ಹೀಗಾಗಿ ಈ ಅನುವಾದಗಳ ಓದುಗರನ್ನು ಹುಡುಕುವವರು ಅಕ್ಷರಸ್ಥರ ಸಂಖ್ಯೆಯನ್ನಷ್ಟೇ ನೋಡಿದರೆ ಸಾಲದು. ಕೇಳುಗರನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಮಿಷನ್ನಿನ ಪುಸ್ತಕ ಬಂದಾಗ ಇಲ್ಲಿನ ಜನರ ಬಳಿ ಬೇರೊಂದು ಪುಸ್ತಕ ಇದ್ದೇ ಇತ್ತು. 1840ರ ಆಸುಪಾಸಿನಲ್ಲಿ ಹುಬ್ಬಳ್ಳಿಯ ಮಿಷನರಿಗಳನ್ನು ಕಾಲಜ್ಞಾನಿಗಳೆಂಬ ಪಂಥದವರು ಬಂದು ಕಂಡರು. ತಮ್ಮ ಕಾಲಜ್ಞಾನದ ಗ್ರಂಥಗಳು ನುಡಿದ ಭವಿಷ್ಯಕ್ಕೂ ಈ ಹೊಸ ಬೋಧಕರ ಮಾತಿಗೂ ಸಂಬಂಧವಿದೆಯೆಂಬ ನಿರೀಕ್ಷೆ ಅವರದಾಗಿತ್ತು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಟಗೇರಿಯ ಸಮೀಪದ ಮಳಸಮುದ್ರದಲ್ಲಿ ಮಿಷನ್ 1841ರಲ್ಲಿ ಒಂದು ಬೇಸಾಯದ ನೆಲೆಯನ್ನು ಆರಂಭಿಸಿತು. ಮಿಷನರಿಗಳು ಎಣಿಸಿದ ಪ್ರಮಾಣದಲ್ಲಿ ಜನ ಸೇರಲಿಲ್ಲ. ಮಿಷನ್ನಿನ ದೃಷ್ಟಿಯಲ್ಲಿ ಇದೊಂದು ವಿಫಲ ಪ್ರಯತ್ನ. ಕನ್ನಡ ಸಂಶೋಧಕರ ದೃಷ್ಟಿಯಲ್ಲಿ ಹಾಗಾಗಬೇಕಿಲ್ಲ. ಕೊಡೇಕಲ್ಲ ಬಸವಣ್ಣನಂಥವರ ಹೆಸರಿನೊಂದಿಗೆ ಬೆಳೆದ ಕಾಲಜ್ಞಾನ ಪರಂಪರೆಯನ್ನು ಬಲ್ಲವರು, ಮುಂದೆ ಬರಲಿರುವ ರಾಜ್ಯ, ಬರಲಿರುವ ಗುರು ಎಂಬ ಕಲ್ಪನೆಗಳನ್ನು ಮೊದಲೇ ಇಟ್ಟುಕೊಂಡಿದ್ದ ಕೇಳುಗರು ಸುವಾರ್ತೆಯ ಪುಸ್ತಕವನ್ನು ಹೇಗೆ ಕೇಳಿಸಿಕೊಂಡಿರಬಹುದೆಂದು ಆಲೋಚಿಸಬೇಕು. ಅವರು ಹೊಸ ಧರ್ಮವನ್ನು ಒಪ್ಪಲು ಹೋದವರೆನ್ನುವುದಕ್ಕಿಂತ ತಮ್ಮ ಗ್ರಂಥವನ್ನು ಪರೀಕ್ಷಿಸಲು ಹೋದವರೆನ್ನುವುದು ಹೆಚ್ಚು ಸರಿ.

ಈ ದೃಷ್ಟಿಯಿಂದ ಎರಡು ಅನುವಾದಗಳನ್ನು ನೋಡಬಹುದು. ಮೊದಲನೆಯದು ‘ಹೃದಯ ದರ್ಪಣ’. ಇದರ ಮೂಲ ಯೊಹಾನೆಸ್ ಗೋಸ್ನರನು 1812ರಲ್ಲಿ ಜರ್ಮನಿಯಲ್ಲಿ ಪ್ರಕಟಿಸಿದ ‘ಹೃದಯ ಪುಸ್ತಕ’. ಅದೂ ಫ್ರೆಂಚಿನ ಹಳೆಯ ಕ್ಯಾಥೊಲಿಕ್ ಕೃತಿಯೊಂದನ್ನು ಆಧರಿಸಿದ್ದು. ಪ್ರೊಟೆಸ್ಟಂಟ್ ಮಿಷನ್ನುಗಳು ಈ ಕೃತಿಯನ್ನು ಏಷ್ಯಾ, ಆಫ್ರಿಕಾಗಳ ಅನೇಕ ಭಾಷೆಗಳಿಗೆ ಒಯ್ದವು. ಮನುಷ್ಯನ ಹೃದಯದ ದೊಡ್ಡ ಚಿತ್ರ, ಅದರೊಳಗೆ ಏಳು ಪಾಪಗಳನ್ನು ಸೂಚಿಸುವ ಪ್ರಾಣಿಗಳು: ಗರ್ವಕ್ಕೆ ನವಿಲು, ಕಾಮಕ್ಕೆ ಆಡು, ಹೊಟ್ಟೆಬಾಕತನಕ್ಕೆ ಹಂದಿ, ಲೋಭಕ್ಕೆ ಕಪ್ಪೆ, ಮತ್ಸರಕ್ಕೆ ಹಾವು, ಸಿಟ್ಟಿಗೆ ಹುಲಿಯ ಜಾತಿಯ ಮೃಗ, ಸೋಮಾರಿತನಕ್ಕೆ ಆಮೆ. ಪಶ್ಚಾತ್ತಾಪವಾದಾಗ ಅವು ಹೊರಟುಹೋಗುತ್ತವೆ. ಓದು ಬಾರದವರಿಗೂ ಚಿತ್ರ ತಿಳಿಯುತ್ತದೆಂಬ ನಂಬಿಕೆಯೇ ಈ ಪುಸ್ತಕವನ್ನು ಲೋಕದ ತುಂಬ ಹಂಚಲು ಕಾರಣವಾಯಿತು.

ಚಿತ್ರಕ್ಕೆ ಅನುವಾದ ಬೇಡವೆಂಬ ಈ ನಂಬಿಕೆ ರೋಣದಂಥ ಕಡೆ ನಿಲ್ಲುವುದಿಲ್ಲ. ನಾಗರ ಪಂಚಮಿಯನ್ನು ಹೆಣ್ಣುಮಕ್ಕಳ ದೊಡ್ಡ ಹಬ್ಬವಾಗಿ ಆಚರಿಸಿ ಹುತ್ತಕ್ಕೆ ಹಾಲೆರೆಯುವ ನಾಡಿನಲ್ಲಿ ಹೃದಯದೊಳಗಿನ ಹಾವು ಹೊರದೂಡಬೇಕಾದ ಮತ್ಸರವೆಂದು ಒಮ್ಮೆಗೇ ತೋರುವುದು ಕಷ್ಟ. ಗುಡಿಯ ನೆಲದಲ್ಲಿ ಆಮೆಯನ್ನು ಕೆತ್ತುವ, ಇಂದ್ರಿಯಗಳನ್ನು ಒಳಗೆಳೆದುಕೊಂಡ ಸ್ಥಿತಪ್ರಜ್ಞನಿಗೆ ಆಮೆಯನ್ನು ಹೋಲಿಸುವ ಪರಂಪರೆಯಲ್ಲಿ ಅದು ಸೋಮಾರಿತನವಾಗುವುದಂತೂ ಇನ್ನೂ ಕಷ್ಟ. ನವಿಲು ದೇವತೆಯ ವಾಹನ. ಆದರೆ ಒಳಗಿನ ವೈರಿಗಳೆಂಬ ಮೂಲ ಕಲ್ಪನೆ ಇಲ್ಲಿ ಅಪರಿಚಿತವಲ್ಲ. ಅರಿಷಡ್ವರ್ಗದ ಮಾತನ್ನು ಪುರಾಣ ಪ್ರವಚನದಲ್ಲಿ ಕೇಳದವರು ಯಾರೂ ಇಲ್ಲ. ಚಿತ್ರಗಳು ಪರಕೀಯವಾಗಿ, ತತ್ತ್ವ ಪರಿಚಿತವಾಗಿ ತೋರಿದ್ದು ಈ ಕೃತಿಯ ವಿಶೇಷ. ಪ್ರಕಾಶಕರು ಭಾವಿಸಿದ್ದಕ್ಕೆ ಇದು ನೇರ ವಿರುದ್ಧ.

ಎರಡನೆಯದು ಬನಿಯನ್‌ನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದ ಇದನ್ನು ಕನ್ನಡ ಗದ್ಯಕಥನದ ಚರಿತ್ರೆಯಲ್ಲಿ ಕೆಲವರು ಉಲ್ಲೇಖಿಸಿದ್ದಾರೆ. ಉಲ್ಲೇಖಿಸಿದವರು ‘ಯಾತ್ರಿಕ’ ಎಂಬ ಪದದ ಬಳಿ ನಿಂತಿಲ್ಲ. ಈ ಭಾಗದಿಂದ ಯುಗಾದಿಗೆ ಮುನ್ನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದುಹೋಗುವ ರೂಢಿ ಇಂದಿಗೂ ಇದೆ. ಇಲ್ಲಿನ ಯಾತ್ರಿಕ ಗುಂಪಿನಲ್ಲಿ ಹೋಗುತ್ತಾನೆ, ಮಲ್ಲಯ್ಯನ ದರ್ಶನ ಮಾಡಿ ಪ್ರಸಾದದೊಂದಿಗೆ ಮನೆಗೆ ಮರಳುತ್ತಾನೆ. ಬನಿಯನ್‌ನ ಯಾತ್ರಿಕ ಹೆಂಡತಿ ಮಕ್ಕಳು ಕರೆಯುತ್ತಿದ್ದರೂ ಮನೆ ಬಿಟ್ಟು ಓಡುತ್ತಾನೆ, ಮರಳುವುದಿಲ್ಲ. ಅವನ ಬೆನ್ನ ಮೇಲಿನ ಹೊರೆ ಶರಣರ ‘ಭವಭಾರ’ವನ್ನು ನೆನಪಿಗೆ ತರುತ್ತದೆ ನಿಜ, ಆದರೆ ಸಂಸಾರ ಬಿಟ್ಟು ಹೋಗುವುದು ಈ ಕೇಳುಗರಿಗೆ ಯಾತ್ರೆಯಲ್ಲ, ವಿರಕ್ತಿ. ಮತಾಂತರವೆಂದರೆ ಮನೆತನದಿಂದ ಹೊರಬೀಳುವುದೆಂಬ ಭಯ ಆ ಕಾಲದ ಕುಟುಂಬಗಳಲ್ಲಿ ಎಷ್ಟು ವಾಸ್ತವವಾಗಿತ್ತೆಂದು ಬಲ್ಲವರಿಗೆ ಈ ಕಥೆ ಎಲ್ಲಿ ನಾಟಿರಬೇಕೆಂದು ಹೇಳಬೇಕಾಗಿಲ್ಲ.

ಪಾರಿಭಾಷಿಕ ಪದಗಳಲ್ಲಿಯೂ ಇದೇ ತೊಡಕು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರ ನಂತರ ಕೈಗೊಂಡ ಬೈಬಲ್ ಅನುವಾದ 1831ರ ವೇಳೆಗೆ ಪೂರ್ಣಗೊಂಡಿತು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದರ ಪರಿಷ್ಕರಣೆಗೆ ತೊಡಗಿದರು. ಪರಿಷ್ಕರಣೆ ವಾಕ್ಯಗಳನ್ನು ಸಡಿಲಿಸಬಲ್ಲದು. ಪದಗಳ ಹಳೆಯ ಒಡೆತನವನ್ನು ಬಿಡಿಸಲಾರದು. ‘ದೀಕ್ಷಾಸ್ನಾನ’ ಎಂದಾಗ ವೀರಶೈವ ಪರಿಸರದ ಕಿವಿಗೆ ‘ದೀಕ್ಷೆ’ ಎಂಬುದು ಲಿಂಗದೀಕ್ಷೆಯಾಗಿ ಕೇಳುತ್ತದೆ. ಅಲ್ಲಿ ದೀಕ್ಷೆ ಗುರು ಕೊಡುವಂಥದು, ಕೊರಳಿಗೆ ಕಟ್ಟಿ ಅಂಗದ ಮೇಲೆ ಇರುವಂಥದು. ಸ್ನಾನದಿಂದ ದೀಕ್ಷೆಯಾಗುವುದೆಂದರೆ, ನೀರಿಗೂ ತೀರ್ಥಕ್ಕೂ ಅಂಥ ಮಹತ್ವವನ್ನು ಕೊಡದ ಶರಣಧರ್ಮದ ಕೇಳುಗನಿಗೆ ಸಮಾಧಾನಕ್ಕಿಂತ ಪ್ರಶ್ನೆಯನ್ನೇ ಹೆಚ್ಚು ಹುಟ್ಟಿಸುತ್ತದೆ. ಮಿಷನರಿಗಳಿಗೆ ಇದು ತಿಳಿಯದ್ದೇನಲ್ಲ. ಮೋಗ್ಲಿಂಗ್ ಬಸವಪುರಾಣವನ್ನು ಮುದ್ರಿಸಿದ್ದು, ವೂರ್ತ್ ಬಸವಪುರಾಣ ಮತ್ತು ಚನ್ನಬಸವಪುರಾಣಗಳನ್ನು 1860ರ ದಶಕದಲ್ಲಿ ಇಂಗ್ಲಿಷಿಗೆ ತಂದದ್ದು ಕೇವಲ ವಿದ್ವತ್ತಿನ ಕುತೂಹಲದಿಂದಲ್ಲ. ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯನ್ನು ಬರೆದು ಯೇಸುವಿನ ಚರಿತ್ರೆಯನ್ನು ಇಲ್ಲಿನ ಛಂದಸ್ಸಿಗೆ ತಂದಾಗ ಅನುವಾದದ ಗದ್ಯ ಸಾಲದೆಂಬುದನ್ನು ಒಪ್ಪಿಕೊಂಡಂತಾಯಿತು. ಹೀಗೆ ನಾವು ಮೆಚ್ಚುವ ಸಂಪಾದನಕಾರ್ಯವೂ ನಾವು ಬದಿಗಿಟ್ಟ ಅನುವಾದಕಾರ್ಯವೂ ಒಂದೇ ತೊಡಕಿನಿಂದ ಹುಟ್ಟಿದವು. ಒಂದನ್ನು ಬಿಟ್ಟು ಇನ್ನೊಂದನ್ನು ಓದುವುದು ಅರ್ಧ ಓದಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಸಭೆಗಳೊಳಗಿನಿಂದಲೇ ಒಂದು ಉತ್ತರ ಬಂದಿತು. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಉತ್ತಂಗಿ ಚನ್ನಪ್ಪನವರು ಹಳ್ಳಿ ಹಳ್ಳಿ ಸುತ್ತಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಪುಸ್ತಕ ಕೊಡಲು ಬೋಧಕರು ಸುತ್ತಿದಂಥ ಹಳ್ಳಿಗಳನ್ನೇ ಇವರು ಜನರ ಬಾಯಿಂದ ಪಡೆಯಲು ಸುತ್ತಿದರು. ಅವರ ಕೆಲಸವನ್ನು ಸರ್ವಜ್ಞನ ಅಧ್ಯಯನದ ಭಾಗವಾಗಿ ಮಾತ್ರ ನೋಡುವುದು ವಾಡಿಕೆ. ಮಿಷನ್ ಅನುವಾದದ ಚರಿತ್ರೆಯ ಭಾಗವಾಗಿಯೂ ಅದನ್ನು ನೋಡಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಆಕರಗಳ ಬಗ್ಗೆ ಒಂದು ಮಾತು. ಮುದ್ರಿತ ಪ್ರತಿಗಳನ್ನು ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿನ ಸಂಗ್ರಹದಲ್ಲಿ ನೋಡಬಹುದು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ಅಂತರ್ಜಾಲದಲ್ಲಿ ತೆರೆದಿಟ್ಟ ಗುಂಡರ್ಟ್ ಸಂಗ್ರಹದಲ್ಲಿ ಮಲಯಾಳದ ಜೊತೆಗೆ ಕನ್ನಡ ಪುಸ್ತಕಗಳೂ ಇವೆ. ಆದರೆ ಅವೆಲ್ಲ ಗ್ರಂಥಾಲಯದಲ್ಲಿ ಉಳಿದ ಪ್ರತಿಗಳು, ಹೆಚ್ಚು ಕೈಯಾಡದವು. ಓದಿನ ಗುರುತುಗಳಿರುವುದು ಮನೆಗಳಲ್ಲಿನ ಪ್ರತಿಗಳಲ್ಲಿ: ಬೈಬಲ್ಲಿನ ಖಾಲಿ ಹಾಳೆಯಲ್ಲಿ ಬರೆದಿಟ್ಟ ಜನನ, ಮದುವೆ, ಮರಣಗಳ ದಿನಾಂಕಗಳು, ಅಂಚಿನಲ್ಲಿ ಗೀಟು ಹಾಕಿದ ಸಾಲುಗಳು, ಒಂದು ಪದದ ಮೇಲೆ ಬರೆದ ಇನ್ನೊಂದು ಪದ. ಹೊಸ ಪರಿಷ್ಕೃತ ಬೈಬಲ್ ಬಂದಾಗ ಹಳೆಯದು ಅಟ್ಟಕ್ಕೆ ಏರುತ್ತದೆ, ಮನೆ ಕಟ್ಟಿಸುವಾಗ ಅಟ್ಟ ಖಾಲಿಯಾಗುತ್ತದೆ. ಬೆಟಗೇರಿಯಿಂದ ಗುಳೇದಗುಡ್ಡದವರೆಗಿನ ಮನೆಗಳಲ್ಲಿ ಇಂಥ ಪ್ರತಿಗಳ ಪಟ್ಟಿಯೊಂದನ್ನು ಮಾಡುವ ಕೆಲಸ ಒಬ್ಬ ಸಂಶೋಧಕನ ಒಂದೆರಡು ವರ್ಷದ ಬೇಸಿಗೆ ರಜೆಯಲ್ಲಿ ಆಗಬಹುದಾದದ್ದು. ಹಸ್ತಪ್ರತಿ ಸರ್ವೇಕ್ಷಣೆಗಾಗಿ ಊರೂರು ತಿರುಗುವ ನಮ್ಮ ವಿಭಾಗಗಳು ತಾಳೆಗರಿಯ ಕಟ್ಟನ್ನು ಕೇಳುವ ಮನೆಯಲ್ಲಿಯೇ ಇದನ್ನೂ ಕೇಳಬಹುದು.