ಪಿಕಪ್‌ಗೆ ಹೊಸ ಸೈಲೆನ್ಸರ್ ಹಾಕಿಸುವ ಮುಂಚೆ

ಅಕ್ಕಂದಿರೇ, ಮೇವು, ಹಿಂಡಿ, ಕರು ಸಾಗಿಸುವ ಮನೆಯ ಪಿಕಪ್‌ನ ಸೈಲೆನ್ಸರ್ ತುಕ್ಕು ಹಿಡಿದು ತೂತಾದರೆ ಮಗನೊಬ್ಬನನ್ನೇ ಗ್ಯಾರೇಜಿಗೆ ಕಳಿಸಬೇಡಿ, ನೀವೂ ಹೋಗಿ. ಹುಡುಗರಿಗೆ ಗುಡುಗುವ ಸೈಲೆನ್ಸರ್ ಇಷ್ಟ, ಹಸುವಿಗಲ್ಲ. ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆ ಪಕ್ಕ ಗಾಡಿ ಅಬ್ಬರಿಸಿದರೆ ಹಸು ಬೆದರುತ್ತದೆ. ಮೈಯಲ್ಲಿ ಅಡ್ರಿನಲಿನ್ ಏರಿ ಆಕ್ಸಿಟೋಸಿನ್ ಕೆಲಸ ಕೆಡುತ್ತದೆ. ಕೆಚ್ಚಲು ತುಂಬಿದ್ದರೂ ಸೊರ ಬಿಡುವುದಿಲ್ಲ.

ನಿಮ್ಮ ಗಾಡಿಯ ಮಾಡೆಲ್‌ಗೇ ಹೊಂದುವ, ಸದ್ದು ತಗ್ಗಿಸುವ ಸೈಲೆನ್ಸರನ್ನೇ ಕೇಳಿ. ಅಗ್ಗವೆಂದು ಬರೀ ನೇರ ಕೊಳವೆಗೆ ಒಪ್ಪಬೇಡಿ. ಸದ್ದಿನ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡವೂ ಇದೆ. ಹೊಗೆ ಹಿಂದಕ್ಕೋ ಬಲಕ್ಕೋ ಹೋಗಬೇಕು, ಕೆಳಕ್ಕೂ ಎಡಕ್ಕೂ ಅಲ್ಲ ಎನ್ನುತ್ತದೆ ನಿಯಮ. ನಡುವೆ ಸೋರಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್, ಟಾರ್ಪಾಲಿನಡಿ ನಿಂತ ಕರುವಿಗೂ ಮುಂದೆ ಕೂತ ನಿಮಗೂ ವಿಷ. ದುಡ್ಡು ಕೊಡುವ ಮುಂಚೆ ಎಂಜಿನ್ ಚಾಲೂ ಮಾಡಿಸಿ, ಒಂದೊಂದು ಜೋಡಣೆಯನ್ನೂ ಬಗ್ಗಿ ನೋಡಿ.